ಕಡಲಿಲ್ಲದ ಊರಲ್ಲಿ ಬೆಸೆದ ಗೋಳ

2025ರಲ್ಲಿ ಇಸ್ರೋ ಕಡೆಯಿಂದ ಬಂದ ಒಂದು ಸುದ್ದಿ ರಾಕೆಟ್ಟು, ಉಪಗ್ರಹಗಳ ಗದ್ದಲದಲ್ಲಿ ಬಹಳ ಜನರ ಕಣ್ಣಿಗೆ ಬೀಳಲೇ ಇಲ್ಲ. ಬೆಂಗಳೂರಿನಲ್ಲಿರುವ ಲಿಕ್ವಿಡ್ ಪ್ರೊಪಲ್ಷನ್ ಸಿಸ್ಟಮ್ಸ್ ಸೆಂಟರ್‌ನಲ್ಲಿ ಟೈಟಾನಿಯಂ ಮಿಶ್ರಲೋಹದ ಎರಡು ಅರ್ಧಗೋಳಗಳನ್ನು ಬೆಸೆದು ಒಂದು ಗೋಳ ಮಾಡಿದ್ದರು. ಹೊರವ್ಯಾಸ 2260 ಮಿಲಿಮೀಟರ್, ಗೋಡೆಯ ದಪ್ಪ 80 ಮಿಲಿಮೀಟರ್. ಮೂವರು ಅದರೊಳಗೆ ಕೂತು ಸಮುದ್ರದಲ್ಲಿ 6000 ಮೀಟರ್ ಆಳಕ್ಕೆ ಇಳಿಯಬೇಕು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಟ್ಟುತ್ತಿರುವ ‘ಮತ್ಸ್ಯ 6000’ ಎಂಬ ಜಲಾಂತರ್ಗಾಮಿಯ ಜೀವವೇ ಈ ಗೋಳ.

ಬೆಂಗಳೂರಿನ ನಮ್ಮ ಉಪ್ಪಾರಪೇಟೆಯಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಸಿಗಬೇಕಾದರೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಬೇಕು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿ ನಾವು ಬದುಕುವವರು. ಪಕ್ಕದಲ್ಲೇ ಇದ್ದ ಧರ್ಮಾಂಬುಧಿ ಕೆರೆಯ ಅಂಗಳದ ಮೇಲೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಇಂಥ ಊರಲ್ಲಿ ಕೂತು ವಾರವಾರ ನೀರೊಳಗಿನ ವಾಹನಗಳ ಬಗ್ಗೆ ಯಾಕೆ ಬರೆಯುತ್ತೀರಿ ಎಂದು ಓದುಗರು ಕೇಳುತ್ತಲೇ ಇರುತ್ತಾರೆ. ಆ ಗೋಳವನ್ನು ನಾನು ಉತ್ತರವಾಗಿ ತೋರಿಸುತ್ತೇನೆ. ಜಲಾಂತರ್ಗಾಮಿಯ ಹಣೆಬರಹ ನಿರ್ಧಾರವಾಗುವುದು ಸಮುದ್ರದಲ್ಲಲ್ಲ, ಒಣ ನೆಲದ ಮೇಲಿನ ಕಾರ್ಖಾನೆಯಲ್ಲಿ.

ಪ್ರತಿ ಹತ್ತು ಮೀಟರ್ ಇಳಿದಂತೆ ನಾವು ಉಸಿರಾಡುವ ಗಾಳಿಯ ಒತ್ತಡದಷ್ಟು ಭಾರ ಮತ್ತೊಮ್ಮೆ ಮೇಲೆ ಕೂರುತ್ತದೆ. 6000 ಮೀಟರಿನಲ್ಲಿ ಅದು ಸುಮಾರು 600 ಪಟ್ಟು. ಈ ಗೋಳದ ಹೊರಮೈ ಸುಮಾರು 16 ಚದರ ಮೀಟರ್. ಗುಣಿಸಿ ನೋಡಿ, ನೀರು ಅದನ್ನು ಎಲ್ಲ ಕಡೆಯಿಂದಲೂ ಅಮುಕುವ ಒಟ್ಟು ಬಲ 96,000 ಟನ್ನಿನ ಆಸುಪಾಸಿಗೆ ಬರುತ್ತದೆ. ಒಳಗೆ ಮಾತ್ರ ಮೆಜೆಸ್ಟಿಕ್‌ನಲ್ಲಿ ನಿಂತವನ ಮೈಮೇಲಿರುವಂಥದೇ ಸಾಧಾರಣ ಒತ್ತಡ. ಇಷ್ಟು ಬಲವನ್ನು ಒಂದೆಡೆ ಗುಡ್ಡೆ ಬೀಳದಂತೆ ಸಮನಾಗಿ ಹಂಚಿಕೊಳ್ಳುವ ಆಕಾರ ಗೋಳವೊಂದೇ. ಅದರಲ್ಲಿ ದುರ್ಬಲ ಜಾಗ ಇರುವುದಾದರೆ ಬಾಗಿಲು, ಕಿಟಕಿಗಳ ಅಂಚಿನಲ್ಲಿ ಮತ್ತು ಎರಡು ಹೋಳು ಕೂಡುವ ಗೆರೆಯಲ್ಲಿ. ಒಡೆದ ತೆಂಗಿನಕಾಯಿಯ ಹೋಳುಗಳನ್ನು ಮತ್ತೆ ಜೋಡಿಸಿ, ಕಾಯಿ ಒಡೆದೇ ಇರಲಿಲ್ಲ ಅನ್ನುವಂತೆ ಮಾಡಬೇಕಾದ ಕೆಲಸ ಅದು.

ಟೈಟಾನಿಯಂ ಬೆಸೆಯುವುದು ಕಬ್ಬಿಣ ಬೆಸೆದಂತಲ್ಲ. ಕಾದಾಗ ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಪೆಡಸಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಅದಕ್ಕೇ ಗಾಳಿ ತೆಗೆದ ಕೋಣೆಯೊಳಗೆ ಎಲೆಕ್ಟ್ರಾನ್‌ಗಳ ಕಿರಣ ಹಾಯಿಸಿ ಬೆಸೆಯುತ್ತಾರೆ. 80 ಮಿಲಿಮೀಟರ್ ದಪ್ಪದ ಗೋಡೆಯನ್ನು ಕಿರಣ ಒಂದೇ ಸಲಕ್ಕೆ ಆಳದವರೆಗೆ ಕರಗಿಸಬೇಕು. ಗೋಳದ ಸುತ್ತಳತೆ ಸುಮಾರು 7100 ಮಿಲಿಮೀಟರ್. ಅಷ್ಟೂ ಉದ್ದಕ್ಕೆ ಕಿರಣ ನಡುವೆ ನಿಲ್ಲದೆ, ನಡುಗದೆ ಸುತ್ತಿ ಬರಬೇಕು. ಕೆಲಸ ಮುಗಿಯಲು ಅರ್ಧ ಗಂಟೆಯಷ್ಟು ಸಾಕಾಯಿತು. ಆ ಅರ್ಧ ಗಂಟೆಗೆ ಮೊದಲು ನೂರಾರು ಪ್ರಯೋಗದ ಬೆಸುಗೆಗಳು ನಡೆದಿದ್ದವು. ರಾಕೆಟ್ಟಿನ ಟೈಟಾನಿಯಂ ಟ್ಯಾಂಕುಗಳನ್ನು ಬೆಸೆದು ಪಳಗಿದ ಕೈಗಳು ಇಲ್ಲಿದ್ದುದರಿಂದಲೇ ಬೆಂಗಳೂರಿಗೆ ಈ ಕೆಲಸ ಬಂತು. ಆಕಾಶಕ್ಕೆಂದು ಕಲಿತ ವಿದ್ಯೆ ಪಾತಾಳಕ್ಕೂ ಒದಗಿತು.

ಈಗ ಇದನ್ನೇ ವ್ಯಾಪಾರವಾಗಿ ಮಾಡುವವರ ಕಡೆ ಬರೋಣ. ಖಾಸಗಿ ಜಲಾಂತರ್ಗಾಮಿ ವಿನ್ಯಾಸ ಮಾಡುವ ಕಂಪನಿಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಅಮೆರಿಕದ ಫ್ಲಾರಿಡಾದಲ್ಲಿ ಟ್ರೈಟನ್, ಕ್ಯಾಲಿಫೋರ್ನಿಯಾದಲ್ಲಿ ಸೀಮ್ಯಾಜಿನ್, ನೆದರ್ಲೆಂಡ್ಸಿನಲ್ಲಿ ಯು-ಬೋಟ್ ವರ್ಕ್ಸ್. ಇವುಗಳ ಜಾಹೀರಾತಿನಲ್ಲಿ ಚರ್ಮದ ಆಸನವೂ ಹಿಂದೆ ತೇಲುವ ಬಿಳಿಯ ವಿಹಾರನೌಕೆಯೂ ಕಾಣುತ್ತವೆ. ಅವನ್ನು ದಾಟಿ ಗೋಡೆ ನೋಡುವುದನ್ನು ಕಲಿತರೆ ಜಲಾಂತರ್ಗಾಮಿಗಳನ್ನು ಅರಿಯುವ ಹವ್ಯಾಸದ ರುಚಿ ಹತ್ತುತ್ತದೆ. ಟ್ರೈಟನ್‌ನ ಹೆಸರುಗಳನ್ನೇ ನೋಡಿ: 3300/3 ಅಂದರೆ 3300 ಅಡಿ ಆಳ, ಮೂರು ಜನ. ಬಣ್ಣದ ಹೆಸರಿಡದೆ ಆಳವನ್ನೂ ಆಸನವನ್ನೂ ಹಣೆಯ ಮೇಲೆ ಬರೆದುಕೊಂಡ ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟ.

3300/3ರ ಗೋಡೆ ಲೋಹದ್ದಲ್ಲ, ಪಾರದರ್ಶಕ ಅಕ್ರಿಲಿಕ್‌ನದು. ಅಕ್ರಿಲಿಕ್ ಬೆಳಕನ್ನು ಬಾಗಿಸುವ ಪ್ರಮಾಣ ಗಾಳಿಗಿಂತ ನೀರಿಗೆ ಹತ್ತಿರ. ಹಾಗಾಗಿ ನೀರಿಗೆ ಇಳಿದೊಡನೆ ಗೋಡೆಯ ಹೊರಮೈ ಕಣ್ಣಿಗೆ ಹೆಚ್ಚುಕಡಿಮೆ ಕಾಣದಂತಾಗುತ್ತದೆ, ಕೂತವನ ಸುತ್ತ ಸಮುದ್ರವೊಂದೇ ಉಳಿಯುತ್ತದೆ. ಜಪಾನಿನ ಒಗಸವಾರ ದ್ವೀಪಗಳ ಬಳಿ 2012ರಲ್ಲಿ ಸುನೆಮಿ ಕುಬೊದೆರಾ ಎಂಬ ವಿಜ್ಞಾನಿ ಇಂಥದೊಂದು ಟ್ರೈಟನ್‌ನಲ್ಲಿ ಕೂತು, ದೈತ್ಯ ಸ್ಕ್ವಿಡ್ ತನ್ನ ಮನೆಯಲ್ಲೇ ಈಜುವುದನ್ನು ಕಣ್ಣಾರೆ ಕಂಡರು. ಅಲ್ಲಿಯವರೆಗೆ ಆ ಜೀವಿಯನ್ನು ಮನುಷ್ಯ ಬಲ್ಲದ್ದು ಹೆಚ್ಚಾಗಿ ದಡಕ್ಕೆ ಬಿದ್ದ ಹೆಣಗಳಿಂದ, ತಿಮಿಂಗಿಲದ ಹೊಟ್ಟೆಯಲ್ಲಿ ಸಿಕ್ಕ ಚೂರುಗಳಿಂದ. ಶ್ರೀಮಂತರ ವಿಹಾರಕ್ಕೆಂದು ಮಾಡಿದ ವಾಹನ ವಿಜ್ಞಾನಕ್ಕೆ ಕೊಟ್ಟ ದೊಡ್ಡ ಕಾಣಿಕೆಗಳಲ್ಲಿ ಇದೊಂದು.

ಅತಿ ಆಳಕ್ಕೆ ಅಕ್ರಿಲಿಕ್ ಸಾಲದು, ಮತ್ತೆ ಟೈಟಾನಿಯಂ ಬೇಕು. ವಿಕ್ಟರ್ ವೆಸ್ಕೊವೊ 2019ರಲ್ಲಿ ಮರಿಯಾನಾ ಕಂದಕದ ತಳ ಮುಟ್ಟಿದ್ದು ಟ್ರೈಟನ್ ಕಟ್ಟಿದ 36000/2ರಲ್ಲಿ. ಅದರ ಗೋಳದ ಗೋಡೆ 90 ಮಿಲಿಮೀಟರ್. ಅಲ್ಲಿ ಎರಡು ಅರ್ಧಗೋಳಗಳನ್ನು ಬೆಸೆಯಲೇ ಇಲ್ಲ. ಅಂಚುಗಳನ್ನು ಕೂದಲೆಳೆಯ ವ್ಯತ್ಯಾಸವೂ ಇಲ್ಲದಂತೆ ಕಡೆದು ಒಂದರ ಮೇಲೊಂದು ಕೂರಿಸಿದರು, ಇಳಿದಷ್ಟೂ ನೀರೇ ಅವನ್ನು ಒತ್ತಿ ಬಿಗಿಮಾಡಿತು. ಒಂದೇ ಸಮಸ್ಯೆಗೆ ಫ್ಲಾರಿಡಾದವರು ಕಂಡುಕೊಂಡ ದಾರಿ ಅದು, ಬೆಂಗಳೂರಿನವರದು ಬೆಸುಗೆಯ ದಾರಿ. ಬೆಸುಗೆಯದು ಹೆಚ್ಚು ಕಠಿಣ ವ್ರತ ಎಂದೇ ನನಗೆ ಅನ್ನಿಸುತ್ತದೆ. ಎಂಬತ್ತು ಮಿಲಿಮೀಟರ್ ಒಳಗೆ ಎಲ್ಲೋ ಒಂದು ಗುಳ್ಳೆ ಉಳಿದಿದ್ದರೆ ಬರಿಗಣ್ಣಿಗೆ ಕಾಣದು, ಎಕ್ಸ್-ರೇ, ಅಲ್ಟ್ರಾಸೌಂಡ್ ಹಾಯಿಸಿ ಇಂಚಿಂಚೂ ಹುಡುಕಬೇಕು.

ಆ ಹುಡುಕಾಟದ ತಾಳ್ಮೆ ಇಲ್ಲದಿದ್ದರೆ ಏನಾಗುತ್ತದೆಂದು 2023ರ ಜೂನ್ 18ರಂದು ಜಗತ್ತು ಕಂಡಿತು. ಟೈಟಾನಿಕ್ ಹಡಗಿನ ಅವಶೇಷ ನೋಡಲು ಹೊರಟ ಓಶನ್‌ಗೇಟ್ ಕಂಪನಿಯ ‘ಟೈಟನ್’ ಕುಗ್ಗಿ ಸಿಡಿದು ಒಳಗಿದ್ದ ಐವರೂ ಸತ್ತರು. ಕಂಪನಿಯ ಮುಖ್ಯಸ್ಥ ಸ್ಟಾಕ್‌ಟನ್ ರಶ್ ಅವರಲ್ಲೊಬ್ಬ. ಐದು ಜನರನ್ನು ಹಿಡಿಸಲೆಂದು ಗೋಳ ಬಿಟ್ಟು ಉದ್ದನೆಯ ಕೊಳವೆಯಾಕಾರ ಆರಿಸಿದ್ದರು. ಕೊಳವೆ ಕಾರ್ಬನ್ ಫೈಬರಿನದು. ಎರಡು ತುದಿಗೂ ಟೈಟಾನಿಯಂ ಉಂಗುರಗಳನ್ನು ಅಂಟಿಸಿದ್ದರು. ಹಡಗುಗಳ ಗುಣಮಟ್ಟ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಸ್ವತಂತ್ರ ಸಂಸ್ಥೆಗಳ ಮನ್ನಣೆ ಅದಕ್ಕೆ ಇರಲೇ ಇಲ್ಲ. ಇದು ಸರಿಯಲ್ಲ ಎಂದು 2018ರಲ್ಲೇ ಈ ಕ್ಷೇತ್ರದ ಮೂರು ಡಜನ್ನಿಗೂ ಹೆಚ್ಚು ಮಂದಿ ಒಟ್ಟಾಗಿ ಪತ್ರ ಸಿದ್ಧಪಡಿಸಿದ್ದರು. ಅದರ ಮುಂದಾಳು ಸೀಮ್ಯಾಜಿನ್ ಸ್ಥಾಪಕರಲ್ಲೊಬ್ಬರಾದ ವಿಲ್ ಕೋನೆನ್. ಸ್ಪರ್ಧಿಯನ್ನು ತುಳಿಯಲು ಅವರು ಹೀಗೆ ಮಾಡಿದರೆಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಮ್ಮ ಕಸುಬಿನ ಮಾನ ಕಾಯಲು ಬಾಯಿಬಿಟ್ಟವರು ಅವರು. ಜಲಾಂತರ್ಗಾಮಿಯೊಳಗೆ ಕಾಲಿಡುವ ಯಾರೇ ಆಗಲಿ ಮೊದಲು ಕೇಳಬೇಕಾದದ್ದು ಆ ಪ್ರಮಾಣಪತ್ರವನ್ನೇ.

ನಮ್ಮವರು ಈ ವಿಷಯದಲ್ಲಿ ಅವಸರ ಮಾಡಿಲ್ಲ. 2025ರ ಮೊದಲ ತಿಂಗಳುಗಳಲ್ಲಿ ಚೆನ್ನೈ ಬಳಿಯ ಕಾಟ್ಟುಪಳ್ಳಿ ಬಂದರಿನೊಳಗೆ ಉಕ್ಕಿನ ಗೋಳ ಅಳವಡಿಸಿದ ಮತ್ಸ್ಯವನ್ನು ನೀರಿಗಿಳಿಸಿ ನೋಡಿದರು. ಅದೇ ವರ್ಷದ ಆಗಸ್ಟಿನಲ್ಲಿ ವಿಜ್ಞಾನಿ ರಾಜು ರಮೇಶ್ ಮತ್ತು ನಿವೃತ್ತ ನೌಕಾ ಅಧಿಕಾರಿ ಜತೀಂದರ್ ಪಾಲ್ ಸಿಂಗ್ ಅಟ್ಲಾಂಟಿಕ್‌ನಲ್ಲಿ ಫ್ರಾನ್ಸಿನ ‘ನಾಟೀಲ್’ ಒಳಗೆ ಕೂತು ಕ್ರಮವಾಗಿ 4025 ಮತ್ತು 5002 ಮೀಟರ್ ಇಳಿದು ಬಂದರು. ತಮ್ಮ ವಾಹನ ಆಗುವ ಮೊದಲೇ ಬೇರೆಯವರ ವಾಹನದಲ್ಲಿ ಆಳದ ಕತ್ತಲೆಯನ್ನೂ ಚಳಿಯನ್ನೂ ಪರಿಚಯ ಮಾಡಿಕೊಂಡದ್ದು ಬುದ್ಧಿವಂತಿಕೆ.

ಆದರೆ ನನ್ನ ಆಸೆ 6000 ಮೀಟರಿನಷ್ಟು ದೂರದ್ದಲ್ಲ, ನಮ್ಮದೇ ಕರಾವಳಿಯದು. ಕನ್ನಡಿಗರಿಗೆ ನೀರಿನ ಅಡಿಯ ಬದುಕನ್ನು ದೊಡ್ಡ ಪರದೆಯ ಮೇಲೆ ತೋರಿಸಿದ ಚಿತ್ರ 1987ರಲ್ಲಿ ಬಂದ ಶಂಕರ್‌ನಾಗ್ ನಿರ್ದೇಶನದ ‘ಒಂದು ಮುತ್ತಿನ ಕಥೆ’. ಡಾ. ರಾಜ್‌ಕುಮಾರ್ ಮುತ್ತು ತೆಗೆಯುವವನಾಗಿ ಮುಳುಗಿದ್ದನ್ನು ನೋಡಿದ ಪೀಳಿಗೆಯ ಮಕ್ಕಳು ಈಗ ರಾತ್ರಿ ಬಸ್ಸು ಹತ್ತಿ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಹತ್ತು ನಾಟಿಕಲ್ ಮೈಲಿ ಆಚೆಯ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಮಾಡುತ್ತಾರೆ. ಹೊಸಬರನ್ನು ಹನ್ನೆರಡು ಮೀಟರಿಗಿಂತ ಕೆಳಗೆ ಬಿಡುವುದಿಲ್ಲ. ಪಳಗಿದ ಹವ್ಯಾಸಿಗೂ ನಲವತ್ತು ಮೀಟರ್ ಗಡಿ. ಸಿಲಿಂಡರಿನ ಗಾಳಿ ಬೇಗ ಮುಗಿಯುತ್ತದೆ, ರಕ್ತದಲ್ಲಿ ಕರಗಿದ ಸಾರಜನಕ ಹೊರಬರಲು ನಿಧಾನವಾಗಿ ಮೇಲೇರಬೇಕು. ಜಲಾಂತರ್ಗಾಮಿಯಲ್ಲಿ ಕೂತವರಿಗೆ ಈ ಕಷ್ಟವಿಲ್ಲ. ಈಜು ಬಾರದ ಅಜ್ಜಿಯೂ ಗಂಟೆಗಟ್ಟಲೆ ಕೂತು ಹವಳವನ್ನೂ ಗಿಳಿಮೀನನ್ನೂ ನೋಡಿ, ಮೇಲೆ ಬಂದೊಡನೆ ಎದ್ದು ಕಾಫಿ ಕುಡಿಯಬಹುದು.

ನಮ್ಮ ಪಶ್ಚಿಮ ಕರಾವಳಿಯ ಮುಂದೆ ಸಮುದ್ರದ ತಳ ಬಹು ದೂರದವರೆಗೆ ಆಳವಿಲ್ಲದೆ ಚಾಚಿಕೊಂಡಿದೆ. ನೂರು ಮೀಟರ್ ಇಳಿಯಬಲ್ಲ ಎರಡು–ಮೂರು ಆಸನದ ಅಕ್ರಿಲಿಕ್ ಗೋಳವೊಂದಿದ್ದರೆ ಕರ್ನಾಟಕಕ್ಕೆ ಧಾರಾಳವಾಯಿತು. ಮಳೆಗಾಲದಲ್ಲಿ ಹೊಳೆಗಳ ಕೆಂಪು ನೀರು ಬೆರೆತು ಏನೂ ಕಾಣದು, ಅಕ್ಟೋಬರಿನಿಂದ ಬೇಸಿಗೆಯವರೆಗೆ ಕೆಲಸ ಮಾಡಿದರೆ ಸಾಕು. ಅಂಥದಕ್ಕೆ ವಿಹಾರನೌಕೆಯೂ ಕ್ರೇನೂ ಬೇಕಿಲ್ಲ. ಸೀಮ್ಯಾಜಿನ್‌ನವರ ಸಣ್ಣ ವಾಹನಗಳನ್ನು ಟ್ರೇಲರಿನ ಮೇಲಿಟ್ಟು ಇಳಿಜಾರು ದಕ್ಕೆಯಿಂದ ನೀರಿಗೆ ಜಾರಿಸಬಹುದು. ತೇಲುತ್ತಿರುವಾಗಲೇ ಮೇಲಿಂದ ಒಳಗೆ ಇಳಿಯಬಹುದು. ಭಟ್ಕಳದ ಮೀನುಗಾರಿಕೆ ದೋಣಿಯೊಂದು ಅದನ್ನು ನೇತ್ರಾಣಿಯವರೆಗೆ ಎಳೆದೊಯ್ಯಬಲ್ಲದು.

ಆ ವಾಹನದ ಒಂದು ಆಸನ ಕಾರವಾರದ ಕೋಡಿಬಾಗದಲ್ಲಿರುವ ಕಡಲ ಜೀವಶಾಸ್ತ್ರ ವಿಭಾಗದ ವಿದ್ಯಾರ್ಥಿಗೆ ಮೀಸಲಿರಬೇಕು. ಇನ್ನೊಂದು ಅದನ್ನು ಎಳೆದು ತಂದ ದೋಣಿ ನಡೆಸುವ ತಾಂಡೇಲನಿಗೆ. ನೇತ್ರಾಣಿಯ ಸುತ್ತ ಬಲೆ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಯಾವ ಬಂಡೆಯ ಬದಿ ಯಾವ ತಿಂಗಳು ಯಾವ ಮೀನು ಎಂದು ಅವನಿಗೆ ಗೊತ್ತು. ವಿದ್ಯಾರ್ಥಿ ಬರೆದುಕೊಳ್ಳಲಿ, ಅವನು ಬೆರಳು ತೋರಿಸುತ್ತಾ ಹೋಗಲಿ.