ಫಾರ್ಮ್ಯಾಟ್ ಮಾಡುವ ಮುನ್ನ

ಆಟಿ ತಿಂಗಳ ಮಳೆ ಹಿಡಿಯಿತೆಂದರೆ ಕುಂಬ್ರದಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಗಾಳಿಗೆ ರಬ್ಬರ್ ಮರದ ಒಂದು ಗೆಲ್ಲು ತಂತಿಯ ಮೇಲೆ ಬಿದ್ದರೆ ಸಾಕು. ಮಾಣಿ–ಮೈಸೂರು ಹೆದ್ದಾರಿಯ ಬದಿಯ ಈ ಪೇಟೆಯ ಯಾವುದೋ ಮನೆಯಲ್ಲಿ ಬ್ಯಾಟರಿ ನಿಲ್ಲದ ಹಳೆಯ ಲ್ಯಾಪ್‌ಟಾಪ್ ಇರುತ್ತದೆ, ಅದರಲ್ಲಿ ಉಬುಂಟುವೋ ಲಿನಕ್ಸ್ ಮಿಂಟೋ ಇರುತ್ತದೆ. ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕರೆಂಟು ಕೈಕೊಡುತ್ತದೆ. ಮರುದಿನ ಬಟನ್ ಒತ್ತಿದರೆ ಕಪ್ಪು ಪರದೆ, ಅದರ ಮೇಲೆ ನಾಲ್ಕು ಸಾಲು ಇಂಗ್ಲಿಷು. ಆಮೇಲೆ ಲ್ಯಾಪ್‌ಟಾಪ್ ಚೀಲಕ್ಕೆ ಸೇರುತ್ತದೆ, ಪುತ್ತೂರಿನ ಬಸ್ಸು ಹತ್ತುತ್ತದೆ. ಅಂಗಡಿಯಲ್ಲಿ ಕೇಳುವುದು ಒಂದೇ ಮಾತು: ‘ಫಾರ್ಮ್ಯಾಟ್ ಮಾಡಿ ಹೊಸತು ಹಾಕಿ ಕೊಡಿ.’

ಈ ರೂಢಿ ತಪ್ಪು. ಗೊನೆಗೆ ಕೊಳೆರೋಗ ಬಂತೆಂದು ಅಡಿಕೆ ತೋಟವನ್ನೇ ಕಡಿದು ಹೊಸ ಸಸಿ ನೆಡುವವರು ಈ ಸೀಮೆಯಲ್ಲಿ ಯಾರೂ ಇಲ್ಲ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಅದೇ ಚಿಕಿತ್ಸೆ ಎಂದು ಒಪ್ಪಿಕೊಂಡಿದ್ದೇವೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ವಿಂಡೋಸ್ 11 ಒಪ್ಪದ ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕಿಸುವುದು ಒಂದು ದಾರಿಯಾಗಿದೆ. ಆದ್ದರಿಂದ ಈ ರೂಢಿಯನ್ನು ಈಗಲೇ ಪ್ರಶ್ನಿಸಬೇಕು.

ಕರೆಂಟು ಹೋದಾಗ ಒಳಗೆ ಆಗುವುದೇನು? ಉಬುಂಟು, ಮಿಂಟ್, ಡೆಬಿಯನ್‌ಗಳಲ್ಲಿ ಪ್ರತಿ ಪ್ಯಾಕೇಜನ್ನೂ ಮೊದಲು ಬಿಚ್ಚಿಡಲಾಗುತ್ತದೆ, ಆಮೇಲೆ ಹೊಂದಿಸಲಾಗುತ್ತದೆ. ಎರಡರ ನಡುವೆ ಯಂತ್ರ ನಿಂತರೆ ಕೆಲವು ಪ್ಯಾಕೇಜುಗಳು ಬಿಚ್ಚಿಟ್ಟ ಸ್ಥಿತಿಯಲ್ಲೇ ಉಳಿಯುತ್ತವೆ. ಯಾವುದು ಎಲ್ಲಿ ನಿಂತಿತೆಂಬ ಲೆಕ್ಕ ಡಿಪಿಕೆಜಿ ಎಂಬ ಸಾಧನದ ಬಳಿ ಇರುತ್ತದೆ. ಮುಂದಿನ ಸಲ ಅಪ್‌ಡೇಟ್‌ಗೆ ಹೋದರೆ, ಕೆಲಸ ಅರ್ಧಕ್ಕೆ ನಿಂತಿದೆ, ‘ಡಿಪಿಕೆಜಿ --ಕಾನ್ಫಿಗರ್ -ಎ’ ಓಡಿಸಿ ಎಂದು ಯಂತ್ರವೇ ಹೇಳುತ್ತದೆ. ರೋಗ ಮತ್ತು ಮದ್ದು ಎರಡೂ ಒಂದೇ ಸಾಲಿನಲ್ಲಿವೆ. ಆ ಸಾಲನ್ನು ಓದುವವರಿಲ್ಲ, ಅಷ್ಟೆ.

ಉಬುಂಟುವಿನಲ್ಲಿ ಭದ್ರತೆಯ ಅಪ್‌ಡೇಟುಗಳು ಹಿನ್ನೆಲೆಯಲ್ಲಿ ತಾವಾಗಿಯೇ ನಡೆಯುತ್ತವೆ. ಹಾಗಾಗಿ ‘ನಾನು ಅಪ್‌ಡೇಟ್ ಮಾಡಲೇ ಇಲ್ಲ, ಸುಮ್ಮನೆ ಹಾಳಾಯಿತು’ ಎನ್ನುವವರ ಮಾತು ಪ್ರಾಮಾಣಿಕವೇ. ಉತ್ತರ ಯಂತ್ರದಲ್ಲೇ ಇದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಪ್ಯಾಕೇಜು ಯಾವ ಆವೃತ್ತಿಯಿಂದ ಯಾವುದಕ್ಕೆ ಏರಿತು ಎಂಬುದನ್ನು ಆಪ್ಟ್ ಎಂಬ ಸಾಧನ ತನ್ನ ಚರಿತ್ರೆಯ ಕಡತದಲ್ಲಿ ಬರೆದಿಡುತ್ತದೆ. ಹಿಂದಿನ ಸಲ ಬೂಟ್ ಆದಾಗ ಏನು ಕೆಟ್ಟಿತೆಂದು ಜರ್ನಲ್‌ಸಿಟಿಎಲ್ ಎಂಬ ಕಮಾಂಡ್ ತೋರಿಸುತ್ತದೆ. ಇಷ್ಟು ಶಿಸ್ತಾಗಿ ದಿನಚರಿ ಬರೆಯುವ ವ್ಯವಸ್ಥೆಯನ್ನು ಅದರ ದಿನಚರಿ ತೆರೆಯದೆಯೇ ಅಳಿಸಿಹಾಕುವುದು ಅನ್ಯಾಯ.

ಲಿನಕ್ಸಿನ ತಿರುಳಾದ ಕರ್ನೆಲಿನ ವಿಷಯ ಇನ್ನೂ ಸ್ಪಷ್ಟ. ಹೊಸ ಕರ್ನೆಲ್ ಬಂದಾಗ ಹಳೆಯದು ಕೂಡಲೇ ಹೋಗುವುದಿಲ್ಲ, ಕನಿಷ್ಠ ಒಂದಾದರೂ ಜೊತೆಗೆ ಉಳಿಯುತ್ತದೆ. ಅಪ್‌ಡೇಟ್ ಆದ ಮೇಲೆ ವೈಫೈ ಸತ್ತಿತು, ಎನ್‌ವಿಡಿಯಾ ಕಾರ್ಡಿನ ಪರದೆ ಕಪ್ಪಾಯಿತು, ಬೂಟೇ ಆಗಲಿಲ್ಲ ಎಂದಾಗ ಗ್ರಬ್ ಎಂಬ ಬೂಟ್ ಪಟ್ಟಿಯ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಹೋಗಿ ಹಿಂದಿನ ಕರ್ನೆಲನ್ನು ಆರಿಸಬೇಕು. ಅದರಲ್ಲಿ ಎಲ್ಲ ಸರಿ ನಡೆದರೆ ದೋಷ ಹೊಸ ಕರ್ನೆಲಿನದೋ ಅದಕ್ಕೆ ಹೊಂದಬೇಕಾದ ಡ್ರೈವರಿನದೋ ಎಂದು ಐದೇ ನಿಮಿಷದಲ್ಲಿ ತಿಳಿಯುತ್ತದೆ.

ಆದರೆ ಇಲ್ಲಿ ಬಳಸುವವರನ್ನಷ್ಟೇ ದೂರಿದರೆ ವಿಮರ್ಶೆ ಅರ್ಧವಾಗುತ್ತದೆ. ಒಂದೇ ಓಎಸ್ ಇರುವ ಯಂತ್ರದಲ್ಲಿ ಉಬುಂಟು ಆ ಪಟ್ಟಿಯನ್ನೇ ಮರೆಮಾಡುತ್ತದೆ. ಹಳೆಯ ಬಯೋಸ್ ಯಂತ್ರವಾದರೆ ಶಿಫ್ಟ್ ಹಿಡಿಯಬೇಕು, ಯುಇಎಫ್ಐ ಆದರೆ ಎಸ್ಕೇಪ್ ಒತ್ತಬೇಕು. ಎಸ್ಕೇಪ್ ಒಂದು ಸಲ ಹೆಚ್ಚಾದರೆ ಪಟ್ಟಿಯ ಬದಲು ಗ್ರಬ್‌ನ ಬರಿಯ ಕಮಾಂಡ್ ಸಾಲು ಎದುರು ನಿಲ್ಲುತ್ತದೆ. ಅಲ್ಲಿ ‘ನಾರ್ಮಲ್’ ಎಂದು ಟೈಪಿಸಿದರೆ ಹಿಂದಕ್ಕೆ ಬರಬಹುದೆಂದು ಯಾರು ಹೇಳಿಕೊಡಬೇಕು? ಬೆಂಕಿ ಬಿದ್ದಾಗ ಓಡಬೇಕಾದ ಬಾಗಿಲಿನ ಮೇಲೆ ಪರದೆ ಎಳೆದಂತಿದೆ ಇದು. ಅಂದಕ್ಕಾಗಿ ಮಾಡಿದ ಈ ಆಯ್ಕೆ ಹಳ್ಳಿಯ ಬಳಕೆದಾರನಿಗೆ ದುಬಾರಿ.

ತಪ್ಪು ಯಾವಾಗಲೂ ಬಳಸುವವರದ್ದೇ ಅಲ್ಲ. 2020ರ ಜುಲೈ ಕೊನೆಯಲ್ಲಿ ‘ಬೂಟ್‌ಹೋಲ್’ ಎಂಬ ಲೋಪವನ್ನು ಮುಚ್ಚಲು ಬಂದ ಅಪ್‌ಡೇಟ್ ರೆಡ್ ಹ್ಯಾಟ್ ಮತ್ತು ಸೆಂಟ್‌ಓಎಸ್‌ನ ಎಷ್ಟೋ ಯಂತ್ರಗಳು ಬೂಟ್ ಆಗದಂತೆ ಮಾಡಿತು. 2023ರ ಡಿಸೆಂಬರಿನಲ್ಲಿ ಡೆಬಿಯನ್ 12.3 ಹೊರಬರುವ ಹೊತ್ತಿಗೆ, ಅದರ ಕರ್ನೆಲ್ ಎಕ್ಸ್ಟ್4 ಡಿಸ್ಕಿನ ದತ್ತಾಂಶವನ್ನೇ ಕೆಡಿಸಬಲ್ಲದೆಂದು ತಿಳಿದು ಬಿಡುಗಡೆ ತಡೆಯಬೇಕಾಯಿತು. ಡಿಸೆಂಬರ್ 10ಕ್ಕೆ ನೇರವಾಗಿ 12.4 ಬಂತು. 2024ರ ಆಗಸ್ಟ್ 13ರಂದು ಬಂದದ್ದು ಲಿನಕ್ಸಿನ ಅಪ್‌ಡೇಟೇ ಅಲ್ಲ, ವಿಂಡೋಸಿನದು. ಎರಡೂ ಓಎಸ್ ಇರುವ ಯಂತ್ರಗಳಿಗೆ ಇದು ತಾಗದೆಂದು ಮೈಕ್ರೋಸಾಫ್ಟ್ ಹೇಳಿದ್ದರೂ, ಅಂಥ ಹಲವು ಯಂತ್ರಗಳಲ್ಲಿ ಲಿನಕ್ಸ್ ‘ಸೆಕ್ಯುರಿಟಿ ಪಾಲಿಸಿ ವಯೊಲೇಷನ್’ ಎಂದು ನಿಂತುಬಿಟ್ಟಿತು. ಪೂರ್ತಿ ಪರಿಹಾರ ಬಂದದ್ದು 2025ರ ಮೇ ತಿಂಗಳಲ್ಲಿ. ಆಗ ಫಾರ್ಮ್ಯಾಟ್ ಮಾಡಿಸಿದವರು ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ಆಫ್ ಮಾಡಿದ್ದರೆ ಲಿನಕ್ಸಿಗೆ ಮರಳಬಹುದಿತ್ತು.

ಹಾಗಾದರೆ ಅಪ್‌ಡೇಟೇ ಬೇಡವೇ? ಬೇಕು, ಆದರೆ ತೀರಾ ಹೊಸತರ ಹಿಂದೆ ಓಡಬೇಕಿಲ್ಲ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್, ಎಸ್ಎಸ್ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯೆಂಬ ಸಣ್ಣ ಸಂಶಯದ ಜಾಡು ಹಿಡಿದು, ಎಕ್ಸ್‌ಝಡ್ ಎಂಬ ಲೈಬ್ರರಿಯಲ್ಲಿ ಅಡಗಿಸಿಟ್ಟಿದ್ದ ಕಳ್ಳಬಾಗಿಲನ್ನು ಬಯಲಿಗೆಳೆದರು. ಡೆಬಿಯನ್ನಿನ ಪರೀಕ್ಷಾ ಆವೃತ್ತಿಗಳಲ್ಲಿ ಅದು ಸೇರಿತ್ತು, ಸ್ಥಿರ ಆವೃತ್ತಿಯಲ್ಲಿ ಇರಲಿಲ್ಲ. ಮನೆಗೂ ಶಾಲೆಗೂ ದೀರ್ಘಕಾಲದ ಬೆಂಬಲವಿರುವ ಎಲ್‌ಟಿಎಸ್ ಆವೃತ್ತಿಯೇ ಸಾಕು ಎನ್ನಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ಫಾರ್ಮ್ಯಾಟ್‌ಗಿಂತ ಕೆಟ್ಟ ರೂಢಿ ಇನ್ನೊಂದಿದೆ. ಎಲ್ಲಿಯೋ ಕಂಡ ಕಮಾಂಡನ್ನು ಅರ್ಥ ತಿಳಿಯದೆ ಅಂಟಿಸುವುದು. ಉಬುಂಟು 16.04ರ ಕಾಲದ ಮದ್ದನ್ನು 24.04ಕ್ಕೆ ಕುಡಿಸುವುದು. ಪೈಥಾನ್ 3 ಅನ್ನು ತೆಗೆದರೆ ಅದನ್ನು ನೆಚ್ಚಿಕೊಂಡ ಡೆಸ್ಕ್‌ಟಾಪೇ ಜೊತೆಗೆ ಹೋಗುತ್ತದೆ. ಹೋಗಲಿರುವ ಪ್ಯಾಕೇಜುಗಳ ಪಟ್ಟಿ ತೋರಿಸಿ ಯಂತ್ರ ಒಪ್ಪಿಗೆ ಕೇಳುತ್ತದೆ, ಆದರೆ ಬೆರಳು ಆಗಲೇ ‘ವೈ’ ಒತ್ತಿರುತ್ತದೆ.

ಕನ್ನಡಿಗರಿಗೆ ಫಾರ್ಮ್ಯಾಟ್ ಮಾಡಿಸುವುದರಲ್ಲಿ ಬೇರೆಯದೇ ಒಂದು ನಷ್ಟವಿದೆ. ಎಲ್‌ಟಿಎಸ್ ಆವೃತ್ತಿಗಳ ಪೈಕಿ 22.04ರಿಂದ ಹೆಚ್ಚಿನ ಯಂತ್ರಗಳಲ್ಲಿ ಉಬುಂಟು ವೇಲ್ಯಾಂಡ್ ಎಂಬ ಹೊಸ ಪರದೆ ವ್ಯವಸ್ಥೆಯಲ್ಲಿ ತೆರೆಯುತ್ತದೆ. ಆ ಬದಲಾವಣೆಯ ನಡುವೆ ಕೆಲವು ಆ್ಯಪ್‌ಗಳಲ್ಲಿ ಐಬಸ್ ಎಂಬ ಟೈಪಿಂಗ್ ಸಾಧನದ ಮೂಲಕ ಕನ್ನಡ ಮೂಡುವುದು ನಿಂತಿತು. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಗೆ ಒಗ್ಗಿದ ಬೆರಳುಗಳು ಇಂಗ್ಲಿಷ್ ಅಕ್ಷರ ಕಂಡು ಗಾಬರಿಯಾದವು. 22.04, 24.04ಗಳಲ್ಲಾದರೆ ಲಾಗಿನ್ ಆಗುವಾಗ ಗಾಲಿಚಿತ್ರ ಒತ್ತಿ ‘ಎಕ್ಸ್‌ಆರ್ಗ್’ ಆರಿಸಿ ನೋಡಬಹುದು. ಫಾರ್ಮ್ಯಾಟ್ ಮಾಡಿಸಿದರೋ, ಹೊಂದಿಸಿಟ್ಟ ಕೀಲಿಮಣೆ, ತಾವೇ ಹಾಕಿಕೊಂಡ ಕನ್ನಡ ಫಾಂಟುಗಳು, ಲಿಬ್ರೆ ಆಫೀಸಿನಲ್ಲಿಟ್ಟ ಅಡಿಕೆ ಮಾರಿದ ಲೆಕ್ಕ ಎಲ್ಲವೂ ಒಟ್ಟಿಗೆ ಹೋಗುತ್ತವೆ.

ಈಶ್ವರಮಂಗಲ ದಾಟಿ ಗಡಿಯಾಚೆ ಕಾಸರಗೋಡಿಗೆ ಹೋದರೆ ಬೇರೆ ಕ್ರಮ ಕಾಣುತ್ತದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಐಸಿಟಿ ಕಲಿಯುವುದು ಕೇರಳದ ಕೈಟ್ ಸಂಸ್ಥೆ ಉಬುಂಟು ಆಧಾರದಲ್ಲಿ ಸಿದ್ಧಪಡಿಸಿದ ಲಿನಕ್ಸಿನಲ್ಲಿ. ಸಂಸ್ಥೆ ಒಂದು ಎಲ್‌ಟಿಎಸ್ ಆವೃತ್ತಿಯನ್ನು ಆರಿಸಿ, ಪಾಠಕ್ಕೆ ಬೇಕಾದ ತಂತ್ರಾಂಶ ಸೇರಿಸಿ ರಾಜ್ಯದ ಶಾಲೆಗಳಿಗೆಲ್ಲ ಅದನ್ನೇ ಕೊಡುತ್ತದೆ. ಹಾಗಾಗಿ ಒಂದು ಶಾಲೆಯಲ್ಲಿ ಕಂಡ ತೊಂದರೆಗೆ ಸಿಕ್ಕ ಪರಿಹಾರ ಇನ್ನೊಂದು ಶಾಲೆಗೂ ಸಲ್ಲುತ್ತದೆ. ಕರ್ನಾಟಕದಲ್ಲೂ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯೊಂದಿಗೆ ಸೇರಿ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಿಗೆ ಉಬುಂಟುವನ್ನೇ ಬಳಸಿತ್ತು. ಕಲಿಸಿದ್ದು ಒಳ್ಳೆಯದೇ. ಕೆಟ್ಟಾಗ ಕೈಹಿಡಿಯುವ ಕ್ರಮವೂ ಅಷ್ಟೇ ಗಟ್ಟಿಯಾಗಿ ಬೆಳೆಯಬೇಕು.

ಲಿನಕ್ಸ್ ತಂತ್ರಾಂಶಗಳ ಪೈಕಿ, ಕೆಟ್ಟಾಗ ಕೈಹಿಡಿಯುವ ಈ ಪರೀಕ್ಷೆಯಲ್ಲಿ ಮುಂದಿರುವುದು ಓಪನ್‌ಸೂಸೆ. ಸಾಮಾನ್ಯ ಸ್ಥಾಪನೆಯಲ್ಲಿ ಪ್ರತಿ ಅಪ್‌ಡೇಟಿಗೂ ಮುನ್ನ ಅದು ವ್ಯವಸ್ಥೆಯ ಪ್ರತಿಬಿಂಬ ತೆಗೆದಿಡುತ್ತದೆ, ಬೂಟ್ ಪಟ್ಟಿಯಿಂದಲೇ ನಿನ್ನೆಯ ಸ್ಥಿತಿಗೆ ಮರಳಬಹುದು. ಲಿನಕ್ಸ್ ಮಿಂಟ್ ಟೈಮ್‌ಶಿಫ್ಟ್ ಕೊಡುತ್ತದೆ, ಆದರೆ ಅದನ್ನು ನಾವೇ ಹೊಂದಿಸಿಡಬೇಕು. ಅದು ಉಳಿಸುವುದು ವ್ಯವಸ್ಥೆಯ ಕಡತಗಳನ್ನು, ನಮ್ಮ ಫೋಟೋ ಮತ್ತು ಲೆಕ್ಕಪತ್ರಗಳನ್ನಲ್ಲ. ಅವುಗಳಿಗೆ ಬೇರೆ ಪ್ರತಿ ಬೇಕೇ ಬೇಕು. ಉಬುಂಟು ಡೆಸ್ಕ್‌ಟಾಪಿನಲ್ಲಿ ಟೈಮ್‌ಶಿಫ್ಟ್ ಮೊದಲೇ ಇರುವುದಿಲ್ಲ. ಇಷ್ಟು ಜನ ಬಳಸುವ ತಂತ್ರಾಂಶದಲ್ಲಿ ಇದು ದೊಡ್ಡ ಕೊರತೆ.

ಪುತ್ತೂರು, ಸುಳ್ಯ, ಕಡಬದ ರಿಪೇರಿ ಅಂಗಡಿಯವರಲ್ಲಿ ಒಂದು ಕೋರಿಕೆ. ಅಪ್‌ಡೇಟ್ ಆದ ಮೇಲೆ ಕೆಟ್ಟಿತೆಂದು ಯಾರಾದರೂ ಲಿನಕ್ಸ್ ಲ್ಯಾಪ್‌ಟಾಪ್ ತಂದರೆ ಮೊದಲು ಹಳೆಯ ಕರ್ನೆಲಿನಲ್ಲಿ ಒಮ್ಮೆ ತೆರೆದು ನೋಡಿ, ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಪೂರ್ತಿ ಮಾಡಿ. ಅದಕ್ಕೂ ಬಗ್ಗದಿದ್ದರೆ ಯುಎಸ್‌ಬಿಯಿಂದ ಬೂಟ್ ಮಾಡಿ ಅವರ ಕಡತಗಳನ್ನು ಹೊರತೆಗೆದುಕೊಡಿ. ಫಾರ್ಮ್ಯಾಟ್ ಆಮೇಲೆ.