ಬೇತ್ಲೆಹೇಮಿನ ನಕ್ಷತ್ರವೂ ವಿಜ್ಞಾನಕಥೆಯ ಸಂದೇಹವೂ

ಡಿಸೆಂಬರ ತಿಂಗಳು ಬಂದಿತೆಂದರೆ ಕನ್ನಡ ನಾಡಿನ ಉಳಿದೆಡೆಗಳಂತೆ ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಯಲ್ಲಿಯೂ ಕ್ರೈಸ್ತರ ಮನೆಬಾಗಿಲ ಮೇಲೆ ಕಾಗದದ ನಕ್ಷತ್ರವು ತೂಗುವದು. ಅದರೊಳಗಣ ದೀಪವನ್ನು ಕಂಡವರಿಗೆ, ಮತವು ಯಾವದೇ ಇರಲಿ, ಹಬ್ಬದ ಸುಳಿವು ಹತ್ತುವದು. ನಾಲ್ಕು ಸುವಾರ್ತೆಗಳಲ್ಲಿ ಈ ನಕ್ಷತ್ರದ ಮಾತು ಬರುವದು ಮತ್ತಾಯನದೊಂದರಲ್ಲಿ ಮಾತ್ರ. ಮೂಡಣ ದೇಶದ ಜ್ಞಾನಿಗಳನ್ನು ಶಿಶುವಿನ ಬಳಿಗೆ ನಡೆಯಿಸಿ ತಂದ ಬೆಳಕು ಅದು. ಆ ಬೆಳಕು ಎಲ್ಲಿಂದ ಬಂದಿತು, ಅದಕ್ಕೆ ಬೆಲೆ ತೆತ್ತವರು ಯಾರು ಎಂದು ಕೇಳುವ ಧೈರ್ಯವು ಸುವಾರ್ತೆಯ ವ್ಯಾಖ್ಯಾನಕಾರರಿಗಲ್ಲ, ಒಬ್ಬ ವಿಜ್ಞಾನ ಕಥೆಗಾರನಿಗೆ ಬಂದಿತು.

ಆತನೇ ಆರ್ಥರ್ ಸಿ. ಕ್ಲಾರ್ಕ. ಇಂಗ್ಲಂಡದಲ್ಲಿ 1917ರಲ್ಲಿ ಹುಟ್ಟಿ, 1956ರಿಂದ ಲಂಕೆಯಲ್ಲಿ ನೆಲೆಸಿ, 2008ರಲ್ಲಿ ತೀರಿಕೊಂಡ ಈ ಲೇಖಕನ ‘ದಿ ಸ್ಟಾರ್’ ಎಂಬ ಸಣ್ಣ ಕಥೆಯು 1955ರಲ್ಲಿ ಪ್ರಕಟವಾಗಿ, ಮರುವರ್ಷ ಹ್ಯೂಗೊ ಪಾರಿತೋಷಕವನ್ನು ಪಡೆಯಿತು. ಜೆಸ್ಯುಯಿಟ್ ಪಾದ್ರಿಯೂ ಖಗೋಲ ವಿಜ್ಞಾನಿಯೂ ಆದ ಒಬ್ಬನು ದೂರದ ಆಕಾಶಕ್ಕೆ ಹೋಗಿದ್ದಾನೆ. ಆತನ ಕೊಠಡಿಯಲ್ಲಿ ಗಣಕಯಂತ್ರದ ಮೇಲ್ಗಡೆ ಶಿಲುಬೆಯು ತೂಗುತ್ತಿದೆ. ಸಿಡಿದು ಹೋದ ಒಂದು ನಕ್ಷತ್ರದ ಅವಶೇಷದ ಬಳಿ, ಉರಿಗೆ ಸಿಗದೆ ಉಳಿದ ಕಟ್ಟಕಡೆಯ ಗ್ರಹದಲ್ಲಿ, ಆ ಸಂಗಡಿಗರಿಗೆ ಒಂದು ನಿಕ್ಷೇಪವು ದೊರೆಯುವದು. ತಮ್ಮ ಸೂರ್ಯನು ಸಿಡಿಯುವನೆಂದು ಮೊದಲೇ ಅರಿತ ಒಂದು ಜನಾಂಗವು ತನ್ನ ಕಲೆ, ವಿದ್ಯೆ, ಚಿತ್ರಗಳನ್ನೆಲ್ಲ ಅಲ್ಲಿ ಹುದುಗಿಸಿಟ್ಟು ಅಳಿದಿತ್ತು. ಪಾದ್ರಿಯು ಸ್ಫೋಟದ ಕಾಲವನ್ನೂ, ಅದರ ಬೆಳಕು ಭೂಮಿಯನ್ನು ಮುಟ್ಟಿದ ಕಾಲವನ್ನೂ ಎಣಿಕೆ ಹಾಕುತ್ತಾನೆ. ಬೇತ್ಲೆಹೇಮಿನ ಮೇಲೆ ಬೆಳಗಿದ್ದು ಅದೇ ಬೆಂಕಿಯೆಂದು ತಿಳಿಯುವದು.

ಈ ಎಣಿಕೆಯಲ್ಲಿ ಅಸಂಭವವಾದುದೇನೂ ಇಲ್ಲ. ಚೀನದ ಜ್ಯೋತಿಷಿಗಳು ಕ್ರಿ.ಶ. 1054ರಲ್ಲಿ ಕಂಡು ಬರೆದಿಟ್ಟ ಹೊಸ ನಕ್ಷತ್ರವು ಅವರ ಕಣ್ಣಿಗೆ ಬೀಳುವದಕ್ಕೆ ಸಾವಿರಾರು ವರುಷ ಮೊದಲೇ ಸಿಡಿದಿತ್ತು. ಬೆಳಕೂ ದಾರಿ ನಡೆದೇ ಬರಬೇಕಷ್ಟೆ. ಆದರೆ ಕಥೆಯ ಸತ್ತ್ವವು ಗಣಿತದಲ್ಲಿಲ್ಲ. ವಿಜ್ಞಾನವು ಬಂದು ಶ್ರದ್ಧೆಯನ್ನು ಸುಳ್ಳುಮಾಡಿತೆಂದು ಕ್ಲಾರ್ಕನು ಹೇಳಿದ್ದರೆ ಅದು ಹತ್ತರೊಡನೆ ಹನ್ನೊಂದನೆಯ ವಾದವಾಗುತ್ತಿತ್ತು. ಇಲ್ಲಿ ನಕ್ಷತ್ರವು ನಿಜವಾಯಿತು, ಸುವಾರ್ತೆಯೂ ನಿಜವಾಯಿತು. ನಿಜವಾದುದರಿಂದಲೇ ಪಾದ್ರಿಯ ಎದೆ ಒಡೆಯಿತು. ಸೃಷ್ಟಿಕರ್ತನು ತನ್ನ ಕೃತ್ಯಕ್ಕೆ ಮನುಷ್ಯರಲ್ಲಿ ಸಮಾಧಾನ ಹೇಳಬೇಕಾಗಿಲ್ಲವೆಂದು ಆತನು ಬಲ್ಲನು. ಆದರೂ ಒಂದು ಜನ್ಮೋತ್ಸವದ ದೀಪಕ್ಕೆ ಒಂದು ಲೋಕವೇ ಎಣ್ಣೆಯಾಗಬೇಕಾಗಿತ್ತೇ ಎಂಬ ಪ್ರಶ್ನೆಯನ್ನು ಆತನು ನುಂಗಲಾರನು.

ಇದು ವಿಜ್ಞಾನವು ಹುಟ್ಟಿಸಿದ ಸಂದೇಹವಲ್ಲ. ಹಳೆಯ ಒಡಂಬಡಿಕೆಯ ಯೋಬನು ಬೂದಿಯಲ್ಲಿ ಕುಳಿತು ಕೇಳಿದ್ದು ಇದನ್ನೇ. ಶಿಲುಬೆಯ ಮೇಲಿನ ಯೇಸುವು ದೇವರು ತನ್ನನ್ನು ಕೈಬಿಟ್ಟುದೇಕೆಂದು ಕೂಗಿದನೆಂದು ಮತ್ತಾಯನೂ ಮಾರ್ಕನೂ ಮರೆಮಾಚದೆ ಬರೆದಿದ್ದಾರೆ. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ ಕನ್ನಡಕ್ಕೆ ತಂದದ್ದರಿಂದ ಆ ವೇದನೆಯು ಕನ್ನಡದ ಓದುಗರಿಗೆ ಹೊರಗಿನದಾಗಿ ಉಳಿದಿಲ್ಲ. ಸಂದೇಹವು ಶ್ರದ್ಧೆಯ ಹೊರಗಣ ವೈರಿಯಲ್ಲ, ಅದರ ಒಳಮನೆಯ ಹಳೆಯ ನಿವಾಸಿ. ವಿಜ್ಞಾನಕಥೆಯು ಮಾಡಿದ್ದಿಷ್ಟೇ: ಒಬ್ಬ ಯೋಬನ ಮಕ್ಕಳ ಸ್ಥಾನದಲ್ಲಿ ಒಂದು ಜಗತ್ತನ್ನೇ ಇಟ್ಟು ಪ್ರಶ್ನೆಯ ಅಳತೆಯನ್ನು ಹಿಗ್ಗಿಸಿತು.

ಅಮೇರಿಕದ ‘ಟ್ವೈಲೈಟ್ ಝೋನ್’ ಎಂಬ ಜನಪ್ರಿಯ ಮಾಲಿಕೆಯವರು 1985ರಲ್ಲಿ ಈ ಕಥೆಯನ್ನು ದೂರದರ್ಶನಕ್ಕೆ ಅಳವಡಿಸಿದಾಗ ಕೊನೆಯನ್ನು ತಿದ್ದಿದರು. ಪಾದ್ರಿಯು ಕುಸಿದು ಕುಳಿತಾಗ ಆತನ ಗೆಳೆಯನು ಅಳಿದ ಜನರ ಬರಹವೊಂದನ್ನು ಓದುವನು. ತಮಗಾಗಿ ಶೋಕಿಸಬೇಡಿರೆಂದು ಅವರು ಬರೆದಿಟ್ಟಿದ್ದರು. ಹಬ್ಬದ ದಿನಗಳಲ್ಲಿ ಮನೆಮಂದಿಯೆಲ್ಲ ಕೂಡಿ ನೋಡುವ ಆಟಕ್ಕೆ ಇಂಥ ಮುಕ್ತಾಯವು ಹಿತವೇ. ಆದರೆ ಇಲ್ಲಿ ಒಂದು ಅನ್ಯಾಯವು ಜರುಗಿದೆ. ಕೊಲ್ಲಲ್ಪಟ್ಟವರ ಬಾಯಿಂದಲೇ ಕ್ಷಮೆಯನ್ನು ಹೇಳಿಸಿ, ಉಳಿದವರ ಮನಸ್ಸನ್ನು ಹಗುರ ಮಾಡಿದಂತಾಯಿತು. ಕ್ಲಾರ್ಕನಲ್ಲಿಯೂ ಕುಂದಿಲ್ಲದಿಲ್ಲ: ಆತನ ಕಥೆಯಲ್ಲಿ ಸತ್ತವರು ಮಾತನಾಡುವದೇ ಇಲ್ಲ, ಲೆಕ್ಕದ ಒಂದು ಅಂಕೆಯಾಗಿ ನಿಲ್ಲುವರು. ದೂರದರ್ಶನದವರು ಅವರಿಗೆ ದನಿ ಕೊಟ್ಟರು. ಆದರೆ ನಮಗೆ ಬೇಕಾದ ಮಾತನ್ನಷ್ಟೇ ಆಡಿಸಿದರು.

ಈ ಎರಡು ಕುಂದುಗಳನ್ನೂ ಬಹುಮಟ್ಟಿಗೆ ತಪ್ಪಿಸಿಕೊಂಡ ಕೃತಿ ಜೇಮ್ಸ್ ಬ್ಲಿಷನ 1958ರ ಕಾದಂಬರಿ ‘ಎ ಕೇಸ್ ಆಫ್ ಕಾನ್ಶನ್ಸ್’. ಇಲ್ಲಿಯೂ ನಾಯಕನು ಜೆಸ್ಯುಯಿಟನೇ. ಲಿಥಿಯ ಎಂಬ ಗ್ರಹದ ಜೀವಿಗಳು ದೇವರ ಹೆಸರನ್ನೇ ಅರಿಯರು, ಆದರೂ ಅವರ ನಡತೆಯಲ್ಲಿ ಕಳಂಕವಿಲ್ಲ. ಅವರು ಬದುಕಿದ್ದಾರೆ, ಮಾತನಾಡುತ್ತಾರೆ. ದೇವರಿಲ್ಲದ ಒಳ್ಳೆಯತನವು ಸೈತಾನನ ಬಲೆಯೆಂದು ಪಾದ್ರಿಯು ನಿಶ್ಚಯಿಸುವನು. ಸೈತಾನನಿಗೆ ಸೃಷ್ಟಿಶಕ್ತಿಯನ್ನು ಒಪ್ಪಿಸಿದುದರಿಂದ ತಾನೇ ಪಾಷಂಡಿಯಾಗುವನು. ಕೊನೆಯಲ್ಲಿ ಆತನು ಉಚ್ಚಾಟನೆಯ ಮಂತ್ರವನ್ನು ಓದುತ್ತಿರುವಾಗಲೇ ಗ್ರಹವು ಸಿಡಿಯುವದು. ಮಂತ್ರದಿಂದಲೋ, ಅಲ್ಲಿ ನಡೆದ ಪ್ರಯೋಗದ ತಪ್ಪಿನಿಂದಲೋ? ಬ್ಲಿಷನು ತೀರ್ಪನ್ನು ಓದುಗನಿಗೇ ಬಿಟ್ಟಿದ್ದಾನೆ.

ಜನಪ್ರಿಯತೆಗೂ ಸಂದೇಹಕ್ಕೂ ಹೊಂದಿಕೆಯಾಗದು, ಬಹುಜನರಿಗೆ ಬಡಿಸುವಾಗ ಕಹಿಯನ್ನು ಬೆಲ್ಲದಲ್ಲಿ ಅದ್ದಲೇಬೇಕು ಎನ್ನುವವರು ಭೀಮಾತೀರದ ಭಜನೆಗಳನ್ನು ಕೇಳಿರಲಾರರು. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಏಕತಾರಿಯ ಮೇಲೆ ಹೊಲಮನೆಯವರ ಬಾಯಲ್ಲಿ ಹಾಡಾಗಿ ಉಳಿದಿವೆ. ಮಠದ ಆಡಂಬರವನ್ನು, ಜಾತಿಯ ಹಮ್ಮನ್ನು, ಬಾಯಿಮಾತಿನ ಭಕ್ತಿಯನ್ನು ಅವು ಎಗ್ಗಿಲ್ಲದೆ ಕೆಣಕುವವು. ಗುರುವನ್ನು ಮಾತ್ರ ಬಿಡವು. ಅವರ ಶಿಷ್ಯಪರಂಪರೆಯಲ್ಲಿ ಚೆನ್ನೂರ ಜಲಾಲಸಾಹೇಬರಂಥ ಮುಸಲ್ಮಾನರೂ ಪದ ಕಟ್ಟಿದರು. ನೋಯಿಸುವ ಪ್ರಶ್ನೆಯನ್ನು ಕೇಳಿಯೂ ಜನರು ಆ ಹಾಡುಗಳನ್ನು ಕೈಬಿಡಲಿಲ್ಲ. ಆದುದರಿಂದ ಕಥೆಯ ಮುಕ್ತಾಯವನ್ನು ಸಿಹಿಮಾಡಿದ ಹೊಣೆಯು ಜನರ ರುಚಿಯದಲ್ಲ, ಆ ರುಚಿಯನ್ನು ಕೀಳಾಗಿ ಎಣಿಸಿದವರದು.

ರಾಜಶೇಖರ ಭೂಸನೂರಮಠರು ಮೊದಲಾದವರ ಶ್ರಮದಿಂದ ಕನ್ನಡದಲ್ಲಿ ವಿಜ್ಞಾನಕಥೆಯು ಬೇರೂರಿದೆ. ಅದು ಶ್ರದ್ಧೆಯ ವಿಷಯಕ್ಕೆ ಕೈಯಿಟ್ಟಾಗ ಅಪಹಾಸ್ಯದ ಸುಲಭವನ್ನೂ ಸಮಾಧಾನದ ಸುಲಭವನ್ನೂ ತೊರೆಯುವದು ಮೇಲು. ನಂಬಿದವನ ಒಳಗಿನಿಂದಲೇ ಪ್ರಶ್ನೆಯನ್ನು ಏಳಿಸಿ, ಅಳಿದವರಿಗೂ ಮಾತಿನ ಸರದಿಯನ್ನು ಕೊಟ್ಟರೆ ಅದಕ್ಕೆ ಈ ನೆಲದ ಕಸುವು ಬರುವದು. ಬಾಗಿಲ ಮೇಲಿನ ಕಾಗದದ ನಕ್ಷತ್ರವು ಈ ಪ್ರಶ್ನೆಯಿಂದ ಮಂಕಾಗುವದೆಂಬ ಭಯ ಬೇಡ. ಬೆಲೆಯನ್ನು ಅರಿತು ಹಚ್ಚಿದ ದೀಪವನ್ನು ಜನರು ಇನ್ನಷ್ಟು ಜೋಪಾನವಾಗಿ ಕಾಯುವರು.