ಹೆಡ್‌ಫೋನ್ ತೆಗೆದ ಮೇಲೆ

ಸಂಗೀತ ಚಿಕಿತ್ಸೆಯ ಮಾತು ಬಂತೆಂದರೆ ಯಾರಾದರೊಬ್ಬರು ಮೊಬೈಲ್ ತೆಗೆದು ಹೆನ್ರಿ ಅಜ್ಜನ ವಿಡಿಯೊ ತೋರಿಸುತ್ತಾರೆ. ವೃದ್ಧಾಲಯವೊಂದರಲ್ಲಿ ತಲೆ ತಗ್ಗಿಸಿ ಕುಳಿತ ಆ ಮುದುಕರಿಗೆ ಸುತ್ತಲಿನ ಜಗತ್ತಿನ ಪರಿವೆಯೇ ಇಲ್ಲ. ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ಕಣ್ಣು ಅರಳುತ್ತದೆ, ಭುಜ ಕುಣಿಯುತ್ತದೆ, ಗಂಟಲಿನಿಂದ ಹಾಡು ಹೊರಡುತ್ತದೆ. 2012ರಲ್ಲಿ ಲೋಕವೆಲ್ಲ ಹಂಚಿಕೊಂಡ ಈ ತುಣುಕು ಮೈಕೆಲ್ ರೊಸಾಟೊ-ಬೆನೆಟ್ ಅವರ ‘ಅಲೈವ್ ಇನ್‌ಸೈಡ್’ ಸಾಕ್ಷ್ಯಚಿತ್ರದ್ದು. ಪೂರ್ಣ ಚಿತ್ರ 2014ರ ಸಂಡಾನ್ಸ್ ಉತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆಯಿತು. ಅಂದಿನಿಂದ ಸಂಗೀತ ಚಿಕಿತ್ಸೆಗೆ ಅದೇ ಸಾಕ್ಷಿ, ಅದೇ ಪುರಾವೆ, ಅದೇ ಪ್ರಚಾರಪತ್ರ.

ಚಿತ್ರ ಸುಳ್ಳು ಹೇಳುವುದಿಲ್ಲ. ಆದರೆ ನಿಜವಾದ ಗಳಿಕೆಯನ್ನು ಬೇರೆ ಯಾರದೋ ಖಾತೆಗೆ ಜಮಾ ಮಾಡುತ್ತದೆ.

ಸಮಾಜ ಕಾರ್ಯಕರ್ತ ಡ್ಯಾನ್ ಕೋಹೆನ್ ಅವರ ‘ಮ್ಯೂಸಿಕ್ ಅಂಡ್ ಮೆಮೊರಿ’ ಸಂಸ್ಥೆ ಮರೆಗುಳಿತನ ಇರುವವರಿಗೆ ಅವರವರ ಇಷ್ಟದ ಹಾಡು ತುಂಬಿದ ಐಪಾಡ್ ಕೊಡುತ್ತಿತ್ತು. ಚಿತ್ರದ ಬೆನ್ನೆಲುಬು ಅದು. ನರರೋಗ ತಜ್ಞ ಆಲಿವರ್ ಸ್ಯಾಕ್ಸ್ ನಡುನಡುವೆ ಬಂದು ಅರ್ಥ ಬಿಡಿಸುತ್ತಾರೆ. ಸ್ಯಾಕ್ಸ್ ಓದಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ; 1973ರ ‘ಅವೇಕನಿಂಗ್ಸ್’ ಪುಸ್ತಕದಲ್ಲೇ, ಕಲ್ಲಾಗಿ ನಿಂತ ರೋಗಿಗಳು ಸಂಗೀತ ಕೇಳಿ ನಡೆದಾಡುವುದನ್ನು ಅವರು ಬರೆದಿದ್ದರು.

ಹೆನ್ರಿಯ ದೃಶ್ಯವನ್ನೇ ಮತ್ತೆ ನೋಡಬೇಕು, ಈ ಸಲ ನಿಧಾನವಾಗಿ. ಎಲ್ಲರೂ ನೆನಪಿಡುವುದು ಹೆಡ್‌ಫೋನ್ ಹಾಕಿದ ಕ್ಷಣವನ್ನು. ಅಲ್ಲಿ ಆಗುವುದು ಬೆರಗಿನದು, ಅನುಮಾನವಿಲ್ಲ. ಆದರೂ ಆ ಹೊತ್ತಿನಲ್ಲಿ ಹೆನ್ರಿ ಒಬ್ಬಂಟಿ. ಕೇಳುವ ಹಾಡು ಅವರೊಬ್ಬರಿಗೇ ಕೇಳುತ್ತಿದೆ, ನೋಡುವವರು ಹೊರಗಿದ್ದಾರೆ. ದೃಶ್ಯದ ಅಸಲು ಘಟನೆ ಆಮೇಲಿನದು. ಹೆಡ್‌ಫೋನ್ ತೆಗೆಯುತ್ತಾರೆ. ಆಮೇಲೆ ವಾಪಸು ಕೊಡುತ್ತೇವೆಂದು ಮಾತು ಕೊಟ್ಟು, ಹೆಸರು ಹಿಡಿದು ಕರೆದು, ಪ್ರಶ್ನೆ ಕೇಳುತ್ತಾರೆ. ಸಂಗೀತ ಇಷ್ಟವೇ? ಹರೆಯದಲ್ಲಿ ಯಾರ ಹಾಡು ಮೆಚ್ಚುತ್ತಿದ್ದಿರಿ? ಹೆನ್ರಿ ಉತ್ತರಿಸುತ್ತಾರೆ. ಕ್ಯಾಬ್ ಕ್ಯಾಲೊವೇ ಎನ್ನುತ್ತಾರೆ, ಆ ಗಾಯಕನಂತೆ ಅರ್ಥವಿಲ್ಲದ ಸ್ವರಗಳಲ್ಲಿ ಹಾಡಿ ತೋರಿಸುತ್ತಾರೆ. ಅವನ ಯಾವ ಹಾಡು ಎಂದರೆ ‘ಐ ವಿಲ್ ಬಿ ಹೋಮ್ ಫಾರ್ ಕ್ರಿಸ್‌ಮಸ್’ ಎತ್ತಿಕೊಳ್ಳುತ್ತಾರೆ.

ಇಲ್ಲೊಂದು ಸೂಕ್ಷ್ಮ ಇದೆ, ಚಿತ್ರವನ್ನು ಹೊಗಳಿದವರು ಅದರ ಮೇಲೆ ಹಾದುಹೋಗಿದ್ದಾರೆ. ಆ ಕ್ರಿಸ್‌ಮಸ್ ಹಾಡು ಮನೆಮಾತಾದದ್ದು 1943ರಲ್ಲಿ, ಬಿಂಗ್ ಕ್ರಾಸ್ಬಿಯ ದನಿಯಲ್ಲಿ. ಅಂದರೆ ಹೆನ್ರಿಯ ನೆನಪು ಒಬ್ಬನ ಹಾಡನ್ನು ಇನ್ನೊಬ್ಬನಿಗೆ ಹೊಂದಿಸಿದಂತೆ ಕಾಣುತ್ತದೆ. ‘ಕಳೆದುಹೋದ ನೆನಪು ಸಂಗೀತದಿಂದ ಮರಳಿತು’ ಎಂಬ ಜನಪ್ರಿಯ ವ್ಯಾಖ್ಯಾನ ಇಲ್ಲೇ ಸಡಿಲವಾಗುತ್ತದೆ. ಮರಳಿದ್ದು ನೆನಪಿನ ಉಗ್ರಾಣವಲ್ಲ, ಎದುರಿಗಿದ್ದವರಿಗೆ ಉತ್ತರ ಕೊಡುವ ಉಮೇದು. ಉತ್ತರ ಸರಿಯೋ ತಪ್ಪೋ ಎಂಬುದು ಅಷ್ಟು ದೊಡ್ಡದಲ್ಲ. ಯಾರೋ ಕೇಳಿದರು, ಇವರು ಹೇಳಿದರು. ಐಪಾಡ್ ಬಾಗಿಲು ತೆರೆದಿರಬಹುದು, ಆದರೆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಐಪಾಡ್‌ಗೆ ಬಾರದ ಕೆಲಸ.

ಪಳಗಿದ ಚಿಕಿತ್ಸಕರಿಗೆ ಇದು ಮೊದಲಿಂದಲೂ ಗೊತ್ತು. ಲಕ್ವ ಹೊಡೆದು ಮಾತು ಕಳೆದುಕೊಂಡವರಲ್ಲಿ ಕೆಲವರು ‘ನೀರು ಬೇಕು’ ಎನ್ನಲಾರರು, ಆದರೆ ಹಳೆಯ ಹಾಡನ್ನು ಪದಸಹಿತ ಹಾಡುತ್ತಾರೆ. ಇದನ್ನೇ ಹಿಡಿದು 1973ರಲ್ಲಿ ಬೋಸ್ಟನ್ನಿನಲ್ಲಿ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಎಂಬ ಮೂವರು ಒಂದು ಪದ್ಧತಿ ಕಟ್ಟಿದರು. ದಿನಬಳಕೆಯ ಒಂದು ಮಾತಿಗೆ ಏರಿಳಿತ ಕೊಟ್ಟು ಚಿಕಿತ್ಸಕ ಗುನುಗುತ್ತಾನೆ. ರೋಗಿಯ ಎಡಗೈ ಹಿಡಿದು ಉಚ್ಚಾರಕ್ಕೊಂದು ತಟ್ಟು. ಮೊದಲು ಇಬ್ಬರೂ ಕೂಡಿ ಹಾಡುತ್ತಾರೆ. ನಡುವೆ ಚಿಕಿತ್ಸಕ ತನ್ನ ದನಿಯನ್ನು ಮೆಲ್ಲಗೆ ಹಿಂದೆಗೆಯುತ್ತಾನೆ. ಆಮೇಲೆ ಒಂದು ಪ್ರಶ್ನೆ ಕೇಳುತ್ತಾನೆ, ರೋಗಿ ಅದೇ ಮಾತಿನಲ್ಲಿ ಉತ್ತರಿಸಬೇಕು. ಹಾಡು ಸವೆದು ಬರೀ ಮಾತು ಉಳಿಯುವುದು ಇಲ್ಲಿನ ಗುರಿ. ಅಮೆರಿಕದ ಸಂಸದೆ ಗೇಬ್ರಿಯಲ್ ಗಿಫರ್ಡ್ಸ್ 2011ರಲ್ಲಿ ತಲೆಗೆ ಗುಂಡೇಟು ತಿಂದ ಮೇಲೆ ಮಾತಿಗೆ ಮರಳಿದ ಹಾದಿಯಲ್ಲಿ ಸಂಗೀತ ಚಿಕಿತ್ಸೆಯೂ ಇತ್ತು.

ಶಿಶುಗಳಲ್ಲೂ ಹೀಗೇ. ಜೋನ್ ಲೋವಿ ಮತ್ತು ಸಂಗಡಿಗರು 2013ರಲ್ಲಿ 11 ಆಸ್ಪತ್ರೆಗಳ 272 ಅವಧಿಪೂರ್ವ ಶಿಶುಗಳ ಅಧ್ಯಯನ ಪ್ರಕಟಿಸಿದರು. ಅಲ್ಲಿ ಸಿ.ಡಿ. ಹಾಕಿ ಹೋಗುವ ಪದ್ಧತಿಯಿರಲಿಲ್ಲ. ತಂದೆತಾಯಿ ಆರಿಸಿದ ಹಾಡನ್ನೇ ಜೋಗುಳ ಮಾಡಿ, ಕೂಸಿನ ಉಸಿರಿನ ಲಯ ನೋಡಿಕೊಂಡು, ಪಕ್ಕದಲ್ಲೇ ನಿಂತು ಹಾಡಲಾಯಿತು. ಎದೆಬಡಿತ ಇಳಿಯಿತು, ಹೆತ್ತವರ ದಿಗಿಲೂ ಇಳಿಯಿತು.

ಹೆಡ್‌ಫೋನ್ ಒಂದನ್ನೇ ಅಳೆದರೆ ಏನು ಸಿಗುತ್ತದೆ? 2017ರಲ್ಲಿ ಬಂದ ಒಂದು ಹೋಲಿಕೆ, ಕೋಹೆನ್ ಕಾರ್ಯಕ್ರಮ ನಡೆಸಿದ ವೃದ್ಧಾಲಯಗಳಲ್ಲಿ ಮನೋರೋಗದ ಮಾತ್ರೆ ಬಿಟ್ಟವರ ಪ್ರಮಾಣ ತುಸು ಹೆಚ್ಚಿದ್ದನ್ನು ತೋರಿಸಿತು. ನ್ಯಾಯಕ್ಕೆ ಇದನ್ನು ಹೇಳಬೇಕು. ಆದರೆ 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ, ಚೀಟಿ ಎತ್ತಿದಂತೆ ಹಂಚಿದ 54 ವೃದ್ಧಾಲಯಗಳ 976 ಮಂದಿಯದು, ಸಿಬ್ಬಂದಿ ಹೇಳಿಕೆಯ ಅಳತೆಯಲ್ಲಿ ಚಡಪಡಿಕೆ ಗಣನೀಯವಾಗಿ ಕಡಿಮೆಯಾಗಲಿಲ್ಲ ಎಂದಿತು. ಚಿತ್ರ ಕಂಡು ಕಣ್ಣೀರಿಟ್ಟವರಲ್ಲಿ ಈ ಅಂಕಿ ಕೇಳಿದವರು ವಿರಳ.

ನಮ್ಮಲ್ಲಿ ಈ ಚಿತ್ರಕ್ಕೆ ಇನ್ನೊಂದು ದುರ್ಗತಿ ಬಂದಿದೆ. ರಾಗ ಚಿಕಿತ್ಸೆಯ ವಕೀಲರು ಹೆನ್ರಿಯನ್ನು ತಮ್ಮ ಸಾಕ್ಷಿಯಾಗಿ ಎಳೆದು ತಂದಿದ್ದಾರೆ: ‘ನೋಡಿ, ನಮ್ಮ ಪೂರ್ವಿಕರು ಹೇಳಿದ್ದೇ ಇದು.’ ಅವರ ಕೈಯಲ್ಲೊಂದು ಪಟ್ಟಿ. ರಕ್ತದೊತ್ತಡಕ್ಕೆ ಆನಂದಭೈರವಿ, ನಿದ್ದೆಗೆ ನೀಲಾಂಬರಿ, ಕೀಲುನೋವಿಗೆ ಇಂಥದ್ದು, ಅಜೀರ್ಣಕ್ಕೆ ಅಂಥದ್ದು. ವಾಟ್ಸ್‌ಆ್ಯಪ್‌ನಲ್ಲಿ ಬರುವ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಒಂದಕ್ಕೊಂದು ತಾಳೆಯಾಗುವುದಿಲ್ಲ, ಅದು ಇರಲಿ. ಹೆನ್ರಿ ಹೆಸರಿಸಿದ್ದು 1930ರ ದಶಕದ ಹಾರ್ಲೆಮ್ ನೈಟ್‌ಕ್ಲಬ್‌ಗಳನ್ನು ಕುಣಿಸಿದ ಕ್ಯಾಲೊವೇಯನ್ನು. ಆ ಸಂಗೀತ ಯಾವ ಪಟ್ಟಿಯಲ್ಲೂ ಇಲ್ಲ. ಅದು ಅವರ ಹರೆಯದ ಸಂಗೀತ, ಅಷ್ಟೇ. ಈ ಸಾಕ್ಷಿ ಬಾಯಿ ಬಿಟ್ಟರೆ ವಕೀಲರ ಕೇಸೇ ಬಿದ್ದುಹೋಗುತ್ತದೆ.

ನೀಲಾಂಬರಿ ನಿದ್ದೆ ತರುತ್ತದೆ ಎನ್ನುವವರು ಜೋಗುಳದ ವಿಳಂಬ ಕಾಲ, ತಗ್ಗಿದ ದನಿ, ತೊಟ್ಟಿಲ ತೂಗು, ಅಮ್ಮನ ಪರಿಚಿತ ಕಂಠ ಇವನ್ನೆಲ್ಲ ಕಳೆದು ರಾಗವೊಂದನ್ನೇ ಉಳಿಸಿ ನೋಡಿದ್ದಾರೆಯೇ? ಪರಂಪರೆಯ ಮಾತೆತ್ತುವವರು ಮುತ್ತುಸ್ವಾಮಿ ದೀಕ್ಷಿತರ ಐತಿಹ್ಯವನ್ನಾದರೂ ಸರಿಯಾಗಿ ಓದಬೇಕಿತ್ತು. ಶಿಷ್ಯ ತಂಬಿಯಪ್ಪನಿಗೆ ಹೊಟ್ಟೆನೋವು, ಜಾತಕದಲ್ಲಿ ಗುರುಬಲ ಇಲ್ಲ. ದೀಕ್ಷಿತರು ಅಠಾಣದಲ್ಲಿ ‘ಬೃಹಸ್ಪತೇ’ ರಚಿಸಿ ಶಿಷ್ಯನಿಂದಲೇ ಹಾಡಿಸಿದರು, ನೋವು ವಾಸಿಯಾಯಿತು ಎನ್ನುತ್ತಾರೆ. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಕಥೆ ಏನು ಹೇಳುತ್ತದೆ? ಒಬ್ಬ ರೋಗಿಗೆಂದೇ, ಅವನನ್ನು ಬಲ್ಲವರು, ಅವನೇ ಹಾಡಲೆಂದು ಕಟ್ಟಿದ ಕೃತಿ. ಅಠಾಣ ಬಿರುಸಿನ ರಾಗ. ಶಮನಕ್ಕೆಂದು ಪಟ್ಟಿ ಬರೆಯುವವರು ಅದನ್ನು ಆರಿಸುವುದೂ ಅನುಮಾನ.

ಪಟ್ಟಿಯ ಹುಚ್ಚು ನಮ್ಮದೊಂದೇ ಅಲ್ಲ. 1993ರಲ್ಲಿ 36 ಕಾಲೇಜು ವಿದ್ಯಾರ್ಥಿಗಳು ಹತ್ತು ನಿಮಿಷ ಮೊಜಾರ್ಟ್ ಕೇಳಿ ಒಂದು ಬಗೆಯ ಪರೀಕ್ಷೆಯಲ್ಲಿ ತುಸು ಮುಂದಾದರು, ಕಾಲು ಗಂಟೆಯೊಳಗೆ ಪರಿಣಾಮ ಇಳಿಯಿತು. ಅದನ್ನೇ ನೆಚ್ಚಿ 1998ರಲ್ಲಿ ಅಮೆರಿಕದ ಜಾರ್ಜಿಯಾದ ಗವರ್ನರ್ ಪ್ರತಿ ನವಜಾತ ಶಿಶುವಿಗೂ ಶಾಸ್ತ್ರೀಯ ಸಂಗೀತ ಹಂಚಲು 1,05,000 ಡಾಲರ್ ಕೇಳಿದರು!

ಆಟಿಸಂನ ಕಡೆ ತಿರುಗಿದರೆ ಎದುರುಬದುರು ಕೂತು ನುಡಿಸುವ ಚಿಕಿತ್ಸೆಯನ್ನು ಮೆಚ್ಚುವವರಿಗೂ ಇರಿಸುಮುರಿಸು. 2017ರಲ್ಲಿ ಒಂಬತ್ತು ದೇಶಗಳ 364 ಮಕ್ಕಳ ಮೇಲೆ, ಮಗು ಹೇಗೆ ಬಡಿದರೆ ಹಾಗೆ ಮರುನುಡಿಸುವ ಪದ್ಧತಿಯನ್ನೇ ಪರೀಕ್ಷಿಸಲಾಯಿತು. ಐದು ತಿಂಗಳ ಬಳಿಕ ಸಾಮಾಜಿಕ ಒಡನಾಟದ ಮುಖ್ಯ ಅಳತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆಮೇಲೆ 2022ರ ಕಾಕ್ರೇನ್ ಪರಾಮರ್ಶೆ 26 ಅಧ್ಯಯನಗಳನ್ನು ಒಟ್ಟುಹಾಕಿ, ಒಟ್ಟಾರೆ ಸುಧಾರಣೆ ಮತ್ತು ಬದುಕಿನ ಗುಣಮಟ್ಟದಲ್ಲಿ ಪ್ರಯೋಜನ ಇರುವಂತಿದೆ ಎಂದಿತು. ರೋಗನಿರ್ಣಯಕ್ಕೆ ಮಾಡಿದ ಅಳತೆಗೋಲಿನಿಂದ ಐದು ತಿಂಗಳ ಬದಲಾವಣೆ ಹಿಡಿಯಲು ಹೋದದ್ದೇ ಎಡವಟ್ಟು ಎನ್ನುವ ವಾದವಿದೆ. ವಾದ ಗಟ್ಟಿಯೇ ಇರಬಹುದು, ಆದರೆ ಸೋತ ಮೇಲೆ ಅಳತೆಗೋಲನ್ನು ದೂರುವುದು ಯಾವಾಗಲೂ ಸುಲಭ.

‘ಅಲೈವ್ ಇನ್‌ಸೈಡ್’ ಮಾದರಿ ಕರ್ನಾಟಕಕ್ಕೆ ಬಂದರೆ ಏನಾಗಬೇಕು? ನಿಮ್ಹಾನ್ಸ್‌ನಂಥ ಕಡೆ ಸಂಗೀತ ಮತ್ತು ಮಿದುಳಿನ ಸಂಬಂಧದ ಸಂಶೋಧನೆ ನಡೆದಿದೆ. ಮನೆಗಳಲ್ಲಿ ಆಗಬೇಕಾದ ಕೆಲಸ ಬೇರೆ. ಹಾಸಿಗೆ ಹಿಡಿದ ಅಜ್ಜಿ ಹರೆಯದಲ್ಲಿ ಕೇಳಿದ್ದು ಕಾಳಿಂಗರಾಯರ ಭಾವಗೀತೆಯೋ, ಗುಬ್ಬಿ ಕಂಪನಿಯ ರಂಗಗೀತೆಯೋ, ಬೀಸುವ ಪದವೋ, ರಾಜಕುಮಾರ್ ಚಿತ್ರದ ಹಾಡೋ ಎಂದು ವಿಚಾರಿಸಬೇಕು. ಅದು ಗೊತ್ತಾದ ಮೇಲೆ ಒಬ್ಬರು ಪಕ್ಕದಲ್ಲಿ ಕೂರಬೇಕು.

ಚಿತ್ರದಲ್ಲಿ ವೃದ್ಧರ ವೈದ್ಯ ಬಿಲ್ ಥಾಮಸ್ ಸಿಟ್ಟಾಗುತ್ತಾರೆ: ತಿಂಗಳಿಗೆ ಸಾವಿರ ಡಾಲರ್ ಮಾತ್ರೆ ಬರೆಯುವುದು ಸಲೀಸು, ಸಂಗೀತಕ್ಕೆ ಚಿಕಿತ್ಸೆಯ ಮಾನ್ಯತೆ ಇಲ್ಲ ಎಂದು. ಸಿಟ್ಟು ನ್ಯಾಯವಾದದ್ದೇ. ಆದರೆ ದುಬಾರಿ ಬಾಬತ್ತು ಐಪಾಡ್ ಅಲ್ಲ. ಹಳೆಯ ಐಪಾಡ್‌ಗಳನ್ನು ಜನ ದಾನವಾಗಿಯೇ ಕೊಟ್ಟರು. ಹೆಡ್‌ಫೋನ್ ತೆಗೆದ ಮೇಲೆ ಅರ್ಧ ಗಂಟೆ ಕೂತು ಕೇಳುವ ಸಿಬ್ಬಂದಿಯ ಸಂಬಳವನ್ನು ಯಾವ ವಿಮೆಯ ಬಾಬತ್ತಿಗೆ ಹಾಕಬೇಕೆಂಬ ಲೆಕ್ಕದ ಮುಂದೆ ಕ್ಯಾಮೆರಾ ಹೆಚ್ಚು ಹೊತ್ತು ನಿಲ್ಲುವುದಿಲ್ಲ.